ಎಡಗೈಯ ಹೆಣಿಗೆ

ಆ ಮನೆಯಲ್ಲಿ ಎರಡು ಆಲ್ಬಮ್‌ಗಳಿದ್ದವು. ಒಂದು ಹಾಲ್‌ನ ಗಾಜಿನ ಕಪಾಟಿನಲ್ಲಿ, ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ. ಇನ್ನೊಂದು ಮಲಗುವ ಕೋಣೆಯ ಬೀರುವಿನ ತೀರಾ ಕೆಳಗಿನ ಖಾನೆಯಲ್ಲಿ, ಹಳೆ ಬೆಡ್‌ಶೀಟುಗಳ ಅಡಿಯಲ್ಲಿ. ಮೊದಲನೆಯದು ಗಂಡನದು, ಎರಡನೆಯದು ಹೆಂಡತಿಯದು ಅಂತ ಬೇರೆ ಹೇಳಬೇಕಾಗಿಲ್ಲ.

ಗಂಡನನ್ನು ಬೀದಿಯವರೆಲ್ಲ ಕ್ಯಾಪ್ಟನ್ ಅನ್ನುತ್ತಿದ್ದರು. ಅವರು ಕ್ಯಾಪ್ಟನ್ ಆಗಿದ್ದವರಲ್ಲ. ಯುದ್ಧದ ಕಾಲದಲ್ಲಿ ಸೈನ್ಯದ ಉಗ್ರಾಣದಲ್ಲಿ ಗುಮಾಸ್ತರಾಗಿದ್ದವರು. ಹಿಟ್ಟಿನ ಮೂಟೆ, ಬೂಟಿನ ಪೆಟ್ಟಿಗೆ, ಕಂಬಳಿಯ ಕಟ್ಟುಗಳನ್ನು ಲಾರಿಯಿಂದ ಇಳಿಸಿಕೊಂಡು ಇನ್ನೊಂದು ಲಾರಿಗೆ ಹತ್ತಿಸುತ್ತಿದ್ದವರು. ಗುಂಡಿನ ಸದ್ದು ಅವರ ಕಿವಿಗೆ ಬಿದ್ದದ್ದು ಯುದ್ಧ ಮುಗಿದ ದಿನ, ಯಾರೋ ಖುಷಿಗೆ ಹಾರಿಸಿದಾಗ. ಆದರೆ ಊರಿಗೆ ಮರಳುವ ಹೊತ್ತಿಗೆ ಅವರ ನಡಿಗೆ ಬದಲಾಗಿತ್ತು, ಮೀಸೆ ಬದಲಾಗಿತ್ತು. ಕ್ಷೌರದ ಅಂಗಡಿಯಲ್ಲಿ ಯಾರೋ ತಮಾಷೆಗೆ ಕ್ಯಾಪ್ಟನ್ ಅಂದದ್ದು ಹಾಗೇ ಅಂಟಿಕೊಂಡಿತು. ಹೆಂಡತಿಗೂ ಅದರ ಪಾಲು ಬಂತು. ಅರವತ್ತು ವರ್ಷದಿಂದ ಅವಳು ಆ ಬೀದಿಗೆಲ್ಲ ಕ್ಯಾಪ್ಟನಮ್ಮ. ತರಕಾರಿಯವನಿಗೂ ಕ್ಯಾಪ್ಟನಮ್ಮ, ಔಷಧಿ ಅಂಗಡಿಯವನಿಗೂ ಕ್ಯಾಪ್ಟನಮ್ಮ. ಕ್ಯಾಪ್ಟನ್ ಸತ್ತು ಆರು ವರ್ಷವಾದರೂ ಆ ಹೆಸರು ಮಾತ್ರ ಸಾಯಲಿಲ್ಲ. ಹಾಗೆ ಕರೆದಾಗಲೆಲ್ಲ ಅವಳಿಗೆ ಒಳಗೊಳಗೇ ಮೈ ಉರಿಯುತ್ತಿತ್ತು. ಅವಳು ಟೀಚರಮ್ಮ ಅನ್ನಿಸಿಕೊಳ್ಳಬೇಕಾಗಿದ್ದವಳು.

ಕ್ಯಾಪ್ಟನ್ನರ ಆಲ್ಬಮ್ ನೋಡಿದರೆ ಯಾರಾದರೂ ಭೇಷ್ ಅನ್ನಬೇಕು, ಅಷ್ಟು ಅಚ್ಚುಕಟ್ಟು. ಅಚ್ಚುಕಟ್ಟಾಗದೆ ಏನು ಮಾಡೀತು? ಅಂಟು ಕಾಯಿಸಿದ್ದು ಅವಳು, ಅಂಚು ಕತ್ತರಿಸಿದ್ದು ಅವಳು, ಪ್ರತಿ ಫೋಟೋದ ನಾಲ್ಕು ಮೂಲೆಗೂ ಕಪ್ಪು ಕಾಗದದ ಪುಟ್ಟ ತ್ರಿಕೋನ ಮಡಚಿ ಸಿಕ್ಕಿಸಿದ್ದು ಅವಳು. ಕ್ಯಾಪ್ಟನ್ ಕುರ್ಚಿಯಲ್ಲಿ ಕೂತು ಹಳೆ ಪೇಪರುಗಳಿಂದ ಕಾಳಗದ ಸುದ್ದಿ ಆರಿಸಿ ಕೊಡುತ್ತಿದ್ದರು. “ಈ ಸೇತುವೆ ಹತ್ರ ನೀವು ಇದ್ರಾ?” ಅಂತ ಅವಳು ಒಮ್ಮೆ ಕೇಳಿದ್ದಳು. “ಆ ಸೇತುವೆ ದಾಟಿದ ಬೂಟೆಲ್ಲ ನಾನು ಕಳಿಸಿದ್ದು” ಅಂದಿದ್ದರು. ಅದೇನೂ ಸುಳ್ಳಲ್ಲ ಬಿಡಿ. ಆದರೆ ಆ ಆಲ್ಬಮ್ಮಿಗೆ ಗಟ್ಟಿ ರಟ್ಟು ಬೇಕು ಅಂತ ಅವಳ ಆಲ್ಬಮ್ಮಿನ ರಟ್ಟನ್ನೇ ಬಿಚ್ಚಿಕೊಂಡರು. ಮೇಲೆ ಅಂಟಿಸಿದ್ದ ಚೀಟಿ, ಅದರಲ್ಲಿದ್ದ ಅವಳ ಹೆಸರು, ಶಾಲೆಯ ಹೆಸರು, ಎಲ್ಲವನ್ನೂ ಬಿಸಿನೀರಲ್ಲಿ ನೆನೆಸಿ ಕೆರೆದು ಹಾಕಿದರು. ಅವಳ ಹಾಳೆಗಳು ಅಂದಿನಿಂದ ಒಂದು ದಾರದ ಕಟ್ಟಿನಲ್ಲಿ ಉಳಿದವು.

ಆ ಹಾಳೆಗಳ ಕಥೆ ಇಷ್ಟು. ಗಂಡಸರು ಯುದ್ಧಕ್ಕೂ ಹೆಂಗಸರು ಕಾರ್ಖಾನೆಗೂ ಹೋದ ಮೇಲೆ ಪುಟ್ಟ ಮಕ್ಕಳು ಬೀದಿಗೆ ಬಿದ್ದವು. ಆಗ ಆ ಪಟ್ಟಣದಲ್ಲಿ ಮೊದಲ ಶಿಶುವಿಹಾರ ಶುರುವಾಯಿತು, ಅದಕ್ಕೆ ಟೀಚರುಗಳನ್ನು ತಯಾರು ಮಾಡುವ ಎರಡು ವರ್ಷದ ಟ್ರೈನಿಂಗೂ ಶುರುವಾಯಿತು. ಮೊದಲ ತಂಡದಲ್ಲಿ ಅವಳಿದ್ದಳು. ಕಲಿಸುವಾಕೆಯನ್ನು ಹುಡುಗಿಯರು ದೊಡ್ಡ ಟೀಚರ್ ಅನ್ನುತ್ತಿದ್ದರು. ಆಳು ಗಿಡ್ಡ, ಗಂಟಲು ಮಾತ್ರ ದೊಡ್ಡದು. ಬಣ್ಣದ ಕಾಗದವನ್ನು ಉದ್ದಕ್ಕೆ ಸೀಳಿ, ಇನ್ನೊಂದು ಬಣ್ಣದ ಪಟ್ಟಿಗಳನ್ನು ಒಂದರ ಮೇಲೆ ಒಂದರ ಕೆಳಗೆ ತೂರಿಸುವ ಹೆಣಿಗೆ; ರಟ್ಟಿಗೆ ದಪ್ಪ ಸೂಜಿಯಿಂದ ತೂತು ಚುಚ್ಚಿ ಉಣ್ಣೆ ದಾರದಲ್ಲಿ ಹೊಲಿಯುವ ಬಾತುಕೋಳಿ; ಮಡಚಿ ಮಾಡುವ ದೋಣಿ. ದೊಡ್ಡ ಟೀಚರ್ ಪ್ರತಿಯೊಂದನ್ನೂ ಎರಡೆರಡು ಸಲ ಮಾಡಿಸುತ್ತಿದ್ದರು. ಮೊದಲ ಸಲ ಬಲಗೈಯಲ್ಲಿ. ಎರಡನೇ ಸಲ ಬಲಗೈಯನ್ನು ಮುಷ್ಟಿ ಕಟ್ಟಿಸಿ, ಕತ್ತರಿಯಿಂದ ಹಿಡಿದು ಸೂಜಿಯವರೆಗೆ ಎಲ್ಲವೂ ಎಡಗೈಯಲ್ಲಿ.

“ನಿಮ್ಮ ಬಲಗೈ ತಾನು ಮಗು ಆಗಿದ್ದನ್ನ ಮರ್ತುಬಿಟ್ಟಿದೆ. ಎಡಗೈ ಇನ್ನೂ ಮಗೂನೇ. ಅದಕ್ಕೆಷ್ಟು ಕಷ್ಟ ಅಂತ ಮೊದ್ಲು ನೋಡ್ಕೊಳ್ಳಿ, ಆಮೇಲೆ ಮಕ್ಕಳಿಗೆ ಬೈಯೋಕೆ ಹೋಗಿ” ಅನ್ನುತ್ತಿದ್ದರು.

ಬಲಗೈಯ ಕೆಲಸ ಶಾಲೆಯ ಗೋಡೆಗೆ ಹೋಗುತ್ತಿತ್ತು. ಎಡಗೈಯ ಕೆಲಸವನ್ನು ಅವರವರು ಆಲ್ಬಮ್ಮಿಗೆ ಅಂಟಿಸಿಕೊಳ್ಳಬೇಕು, ಮುಂದೆ ಎಂದಾದರೂ ಮಗುವಿನ ಮೇಲೆ ಸಿಟ್ಟು ಬಂದಾಗ ತೆಗೆದು ನೋಡುವುದಕ್ಕೆ. ಹಾಗಾಗಿ ಅವಳ ಆಲ್ಬಮ್ಮಿನಲ್ಲಿ ಇರುವುದೆಲ್ಲ ಸೊಟ್ಟ. ಹೆಣಿಗೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಬಾತುಕೋಳಿಯ ಕೊಕ್ಕು ಕತ್ತಿನ ಹತ್ತಿರ. ಹಲ್ಲು ಕಚ್ಚಿಕೊಂಡು, ಬೆವರಿ, ಒಮ್ಮೊಮ್ಮೆ ಅತ್ತು ಮಾಡಿದ ಕೆಲಸ ಅದು. ಅಷ್ಟು ಸೊಟ್ಟಗೆ ಮಾಡಲು ಅವಳು ಪಟ್ಟ ಪಾಡು ಯಾವ ಕ್ಯಾಪ್ಟನ್ನೂ ಪಟ್ಟಿರಲಿಕ್ಕಿಲ್ಲ.

ಮಕ್ಕಳ ಮುಂದೆ ನಿಂತು ಪಾಠ ಮಾಡಿ ತೋರಿಸುವ ಕೊನೆಯ ಪರೀಕ್ಷೆ ಬಾಕಿ ಇರುವಾಗ ಯುದ್ಧ ಮುಗಿಯಿತು. ಕ್ಯಾಪ್ಟನ್ ಬಂದವರೇ ಟ್ರೈನಿಂಗಿನ ಹುಡುಗಿಯರಿದ್ದ ಹಾಸ್ಟೆಲಿನ ಬಾಗಿಲಲ್ಲಿ ನಿಂತರು. “ನನ್ನ ಹೆಂಡ್ತಿ ಊರ ಮಕ್ಕಳ ಮೂಗು ಒರೆಸ್ಕೊಂಡು ಕೂರೋದಾ? ನಡಿ ಮನೆಗೆ” ಅಂದರು. ದೊಡ್ಡ ಟೀಚರ್ ಎರಡು ವಾರ ಬಿಡಿ ಅಂತ ಕೇಳಿಕೊಂಡರು. ಕ್ಯಾಪ್ಟನ್ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಟೀಚರಮ್ಮ ಅಲ್ಲಿಗೆ ಮುಗಿದಳು. ಉಳಿದ ಜೀವಮಾನಕ್ಕೆ ಕ್ಯಾಪ್ಟನಮ್ಮ.

ಈಗ ಎಂಬತ್ತು ದಾಟಿದ ಮೇಲೆ, ಊರಿನ ಮ್ಯೂಸಿಯಮ್‌ನಲ್ಲಿ ಯುದ್ಧಕಾಲದ ಮನೆಗಳ ಬಗ್ಗೆ ಒಂದು ಕೋಣೆ ತೆರೆಯುತ್ತಾರೆ, ಹಳೆ ವಸ್ತು ಇದ್ದವರು ಕೊಡಬಹುದು ಅಂತ ಸುದ್ದಿ ಬಂತು. ವಿಮಾ ಕಚೇರಿಯಿಂದ ನಿವೃತ್ತನಾದ ಮಗ ಅಪ್ಪನ ಆಲ್ಬಮ್ಮಿನ ಧೂಳು ಹೊಡೆಯಲು ಕೂತ. ವಸ್ತುಗಳನ್ನು ನೋಡಲು ಮ್ಯೂಸಿಯಮ್ಮಿನಾಕೆ ಮನೆಗೆ ಬರುವ ದಿನ ಬೆಳಿಗ್ಗೆ ಕ್ಯಾಪ್ಟನಮ್ಮ ತಾನೇ ಬಗ್ಗಿ, ಸೊಂಟ ಹಿಡಿದುಕೊಂಡು, ಬೀರುವಿನ ಕೆಳಗಿನ ಖಾನೆಯಿಂದ ತನ್ನ ಕಟ್ಟನ್ನು ಹೊರಗೆ ತೆಗೆದಳು. ತಂದು ಮೇಜಿನ ಮೇಲೆ ಗಂಡನ ಆಲ್ಬಮ್ಮಿನ ಪಕ್ಕದಲ್ಲಿ ಇಟ್ಟಳು.

“ಏನತ್ತೆ, ನಿಮ್ದೂ ಮೆರವಣಿಗೆಗೆ ಹೊರಟಿತಾ?” ಅಂತ ಸೊಸೆ ನಕ್ಕಳು.

“ಯಾಕೆ, ನನ್ದೇನು ಕೊಳೆತುಹೋಗಿದ್ಯಾ?” ಅಂದಳು ಕ್ಯಾಪ್ಟನಮ್ಮ. ನಗುತ್ತಾ ಅಂದದ್ದಲ್ಲ. ಒಂದು ಸಲ, ಒಂದೇ ಒಂದು ಸಲ, ಆ ಹಾಳೆಗಳ ಕೆಳಗೆ ತಾನು ಏನು ಕಲಿತವಳು ಅಂತ ಬರೆದಿರುವುದನ್ನು ನೋಡಿ ಸಾಯಬೇಕು ಅಂತ ಅವಳಿಗಿತ್ತು. ಬೇರೆ ಆಸೆ ಯಾವುದೂ ಉಳಿದಿರಲಿಲ್ಲ.

ಮ್ಯೂಸಿಯಮ್ಮಿನಾಕೆ ನಡುವಯಸ್ಸಿನವಳು. ಕೈಗೆ ಬಿಳಿ ಹತ್ತಿಯ ಗವಸು ಹಾಕಿಕೊಂಡೇ ಕೂತಳು. ಕ್ಯಾಪ್ಟನ್ನರ ಆಲ್ಬಮ್ಮನ್ನು ಮರ್ಯಾದೆಯಿಂದ ತಿರುವಿದಳು, ಮರ್ಯಾದೆಯಿಂದಲೇ ಮುಚ್ಚಿದಳು. “ಇಂಥವು ನಮ್ಮಲ್ಲಿ ಸುಮಾರು ಬಂದಿವೆ. ಒಂದೆರಡು ಪುಟ ಇಟ್ಕೋಬಹುದು” ಅಂದಳು. ಮಗನ ಮುಖ ಚಿಕ್ಕದಾಯಿತು. ಕ್ಯಾಪ್ಟನಮ್ಮನಿಗೆ ಎಳ್ಳಷ್ಟೂ ಬೇಸರವಾಗಲಿಲ್ಲ.

ಆಮೇಲೆ ಆಕೆ ದಾರ ಬಿಚ್ಚಿ ಎರಡನೇ ಕಟ್ಟನ್ನು ತೆರೆದಳು. ಮೊದಲ ಹಾಳೆಯಲ್ಲಿ ಹಳದಿ ನೀಲಿ ಹೆಣಿಗೆ. ಆಕೆಯ ಕಣ್ಣು ಅರಳಿತು. ಎರಡನೇ ಹಾಳೆಗೆ ಇನ್ನೂ ಅರಳಿತು. ಕ್ಯಾಪ್ಟನಮ್ಮ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

“ಇದು... ಮಗು ಮಾಡಿದ್ದಲ್ವಾ? ಆ ಕಾಲದ್ದೇ? ಇಂಥದ್ದು ನಮಗೆ ಒಂದೂ ಸಿಕ್ಕಿಲ್ಲ. ಯಾರು ಮಾಡಿದ್ದು?”

“ನಾನು” ಅಂದ ಮಗ.

ಕ್ಯಾಪ್ಟನಮ್ಮ ಅವನ ಕಡೆ ತಿರುಗಿದಳು. ಅರವತ್ತೈದರ ಬಳಿ ಬಂದ ಮಗ, ತಲೆ ಪೂರಾ ನೆರೆತವನು, ಕತ್ತು ಬಗ್ಗಿಸಿ ಬಾತುಕೋಳಿಯ ಹಾಳೆಯನ್ನು ನೋಡುತ್ತಿದ್ದ.

“ಅಪ್ಪ ಯುದ್ಧಕ್ಕೆ ಹೋಗಿದ್ರಲ್ಲ, ಆಗ ನಾನೂ ಅಮ್ಮನೂ ಇಬ್ರೇ ಮನೇಲಿ. ದಿನಾ ಸಾಯಂಕಾಲ ಅಡುಗೆಮನೆ ಮೇಜಿನ ಹತ್ರ ಕೂರ್ಸಿಕೊಂಡು ಮಾಡಿಸ್ತಿದ್ಲು. ಆ ಅಂಟಿನ ವಾಸನೆ ನಂಗಿನ್ನೂ ಮೂಗಲ್ಲಿದೆ.”

“ಅದು ನಂದು” ಅಂದಳು ಕ್ಯಾಪ್ಟನಮ್ಮ. “ಶಿಶುವಿಹಾರದ ಟ್ರೈನಿಂಗ್‌ನಲ್ಲಿ ನಾನು ಮಾಡಿದ್ದು.”

ಮ್ಯೂಸಿಯಮ್ಮಿನಾಕೆ ಸೊಟ್ಟ ಹೆಣಿಗೆಯನ್ನೊಮ್ಮೆ ನೋಡಿದಳು, ಮುದುಕಿಯನ್ನೊಮ್ಮೆ ನೋಡಿದಳು. “ನೀವು ಹೇಳಿಕೊಟ್ಟಿದ್ದಾ ಅಮ್ಮ?”

“ಹೇಳಿಕೊಟ್ಟಿದ್ದಲ್ಲ, ಮಾಡಿದ್ದು. ಎಡಗೈಯಲ್ಲಿ.”

“ಓ, ನೀವು ಎಡಚರಾ?”

“ಅಲ್ಲ. ಬಲಗೈಯೇ.”

“ಹಾಗಾದ್ರೆ ಎಡಗೈಯಲ್ಲಿ ಯಾಕೆ?”

“ಸೊಟ್ಟ ಬರಲಿ ಅಂತ.”

ಹೇಳಿದ ಮೇಲೆ ಅವಳಿಗೇ ತನ್ನ ಮಾತು ಹುಚ್ಚುಹುಚ್ಚಾಗಿ ಕೇಳಿಸಿತು. ಸೊಸೆ ತುಟಿ ಬಿಗಿಹಿಡಿದು ನಗು ತಡೆದುಕೊಂಡಳು. ಮಗ ಮೆಲ್ಲನೆ, “ಅಮ್ಮಂಗೆ ಈಗೀಗ ಸ್ವಲ್ಪ ಕಲಸುಮೇಲೋಗರ ಆಗುತ್ತೆ” ಅಂದ. ಅದನ್ನು ಅವನು ಪ್ರೀತಿಯಿಂದ ಅಂದದ್ದೇ ಅವಳಿಗೆ ಹೆಚ್ಚು ಚುಚ್ಚಿತು.

“ಕಾಗದ ಕೊಡಿ. ಕತ್ತರಿ ಕೊಡಿ” ಅಂದಳು. “ಬಲಗೈಯಲ್ಲಿ ಹೇಗೆ ಬರುತ್ತೆ, ಎಡಗೈಯಲ್ಲಿ ಹೇಗೆ ಬರುತ್ತೆ, ಮಾಡಿ ತೋರಿಸ್ತೀನಿ. ಆಮೇಲೆ ಯಾರಿಗೆ ಕಲಸುಮೇಲೋಗರ ಆಗಿದೆ ನೋಡೋಣ.”

ಸೊಸೆ ಹಳೆ ಕ್ಯಾಲೆಂಡರಿನ ಹಾಳೆ ತಂದಳು. ಕ್ಯಾಪ್ಟನಮ್ಮ ಬಲಗೈಗೆ ಕತ್ತರಿ ತೆಗೆದುಕೊಂಡಳು. ಎಲ್ಲರೂ ನೋಡುತ್ತಿದ್ದರು. ಎರಡನೇ ಸೀಳಿಗೇ ಕತ್ತರಿ ಅಂಚು ದಾಟಿ ಹೋಯಿತು. ಪಟ್ಟಿ ತೂರಿಸಲು ಹೋದರೆ ಬೆರಳು ಗಡಗಡ ನಡುಗಿ ಕಾಗದ ಹರಿಯಿತು. ಹೇಗೋ ನಾಲ್ಕು ಸಾಲು ಹೆಣೆದು ಮೇಜಿನ ಮೇಲಿಟ್ಟಳು. ಆಲ್ಬಮ್ಮಿನ ಹೆಣಿಗೆಯೇ ಅದಕ್ಕಿಂತ ವಾಸಿಯಾಗಿತ್ತು. ವಯಸ್ಸು ಅವಳ ಎರಡೂ ಕೈಯನ್ನು ಎಡಗೈ ಮಾಡಿ ಕೂರಿಸಿತ್ತು. ಇನ್ನು ಎಡಗೈಯಲ್ಲಿ ಮಾಡಿ ತೋರಿಸುವುದಕ್ಕೆ ಏನು ಉಳಿಯಿತು?

“ಎಷ್ಟು ಚೆನ್ನಾಗಿದೆ ಅಮ್ಮ” ಅಂದಳು ಮ್ಯೂಸಿಯಮ್ಮಿನಾಕೆ, ಮಕ್ಕಳಿಗೆ ಹೇಳುವ ಧಾಟಿಯಲ್ಲಿ. ಕ್ಯಾಪ್ಟನಮ್ಮ ಆ ನಾಲ್ಕು ಸಾಲನ್ನು ಮುದುರಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

ಅವಳ ಬಾಯಿ ಮುಚ್ಚಿಸಿದ್ದು ಕೈಯ ನಡುಕ ಅಂತ ತಿಳಿಯಬೇಡಿ. ಒಂದೇ ಮಾತಿನಲ್ಲಿ ಎಲ್ಲವನ್ನೂ ತಿಳಿಯಾಗಿಸಬಹುದಿತ್ತು. ‘ಇವನು ಆಗ ನನ್ನ ಹತ್ರ ಇರಲೇ ಇಲ್ಲ’ ಅಂತ ಅಂದರೆ ಸಾಕಿತ್ತು. ಅದರ ಬದಲು ಅವಳು ಬಿಚ್ಚಿಟ್ಟ ದಾರವನ್ನು ಎತ್ತಿ ಬೆರಳಿಗೆ ಸುತ್ತಿಕೊಂಡಳು.

ಹಾಸ್ಟೆಲಿಗೆ ಮಕ್ಕಳನ್ನು ಸೇರಿಸುತ್ತಿರಲಿಲ್ಲ. ಊರಿನ ಮಕ್ಕಳನ್ನು ನೋಡಿಕೊಳ್ಳುವುದು ಕಲಿಯಬೇಕಾದರೆ ತನ್ನ ಮಗುವನ್ನು ಎಲ್ಲಾದರೂ ಬಿಡಬೇಕು. ಆ ಕಾನೂನು ಮಾಡಿದವರಿಗೆ ಅದರಲ್ಲೇನೂ ತಮಾಷೆ ಕಾಣಲಿಲ್ಲ. ಅವಳು ನಾಲ್ಕು ವರ್ಷದ ಮಗನನ್ನು ನಾದಿನಿಯ ಮನೆಯಲ್ಲಿ ಬಿಟ್ಟು ಹೋದಳು. ನಾದಿನಿಗೆ ಮಕ್ಕಳಿರಲಿಲ್ಲ, ಮನೆ ದೊಡ್ಡದಿತ್ತು, ಬಾಯಿಯೂ ದೊಡ್ಡದಿತ್ತು. ಎರಡು ವರ್ಷದಲ್ಲಿ ತಾಯಿ ಮಗನನ್ನು ನೋಡಿದ್ದು ಬೆರಳೆಣಿಕೆಯಷ್ಟು ಸಲ. ಕೊನೆಗೆ ಗಂಡನೊಡನೆ ಅವನನ್ನು ಕರೆತರಲು ಹೋದಾಗ ಅವನು ಅತ್ತೆಯ ಬೆನ್ನ ಹಿಂದೆ ಅಡಗಿಕೊಂಡು, “ನೀವು ಯಾರು?” ಅಂದಿದ್ದ. ಹೆತ್ತ ತಾಯಿಗೆ ನೀವು.

ಕ್ಯಾಪ್ಟನ್ ಅಂದೇ ತೀರ್ಪು ಕೊಟ್ಟಿದ್ದರು. “ಹುಡುಗನಿಗೆ ಇದೆಲ್ಲ ಜ್ಞಾಪಕ ಇರಲ್ಲ. ನೀನೂ ಜ್ಞಾಪಕ ಮಾಡೋಕೆ ಹೋಗ್ಬೇಡ.” ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಆಮೇಲಾಮೇಲೆ ಅವನು ಅಡುಗೆಮನೆ ಮೇಜು, ಸಾಯಂಕಾಲ, ಅಂಟಿನ ವಾಸನೆ ಅಂತ ತಾನಾಗಿ ಕಥೆ ಕಟ್ಟಿಕೊಂಡು ಹೇಳಲು ಶುರು ಮಾಡಿದಾಗ, ಕಟ್ಟಿಕೊಳ್ಳಲಿ ಅಂತ ಬಿಟ್ಟಳು. ಅವನ ಆ ಎರಡು ವರ್ಷಗಳಲ್ಲಿ ತಾಯಿ ಇದ್ದ ಜಾಗ ಅದೊಂದೇ ಅಂತ ಅವಳಿಗೆ ಗೊತ್ತಿತ್ತು.

ಪಶ್ಚಾತ್ತಾಪ ಇತ್ತೇ ಅಂದರೆ, ಇರಲಿಲ್ಲ. ಇದನ್ನು ಅವಳು ಯಾರ ಮುಂದೆಯೂ ಹೇಳಿದವಳಲ್ಲ. ಆ ಎರಡು ವರ್ಷ ಅವಳು ಸುಖವಾಗಿದ್ದಳು. ಮಗ ನೆನಪಾಗಿ ಅತ್ತದ್ದುಂಟು. ಬೆಳಿಗ್ಗೆ ಎದ್ದು ಮುಖ ತೊಳೆದು ಕತ್ತರಿ ಕೈಗೆ ತೆಗೆದುಕೊಂಡಾಗ ಮರೆತದ್ದೂ ಉಂಟು.

ಎರಡು ಆಲ್ಬಮ್‌ಗಳೂ ಮ್ಯೂಸಿಯಮ್ಮಿಗೆ ಹೋದವು. ಕೋಣೆ ತೆರೆಯುವ ಹಿಂದಿನ ದಿನ, ವಸ್ತು ಕೊಟ್ಟವರೆಲ್ಲ ಒಮ್ಮೆ ಬಂದು ನೋಡಿ ಹೋಗಲಿ ಅಂತ ಕರೆ ಬಂತು. ಮಗ ಅವಳನ್ನು ಕರೆದುಕೊಂಡು ಹೋದ. ಕೋಣೆಯಲ್ಲಿ ಹೊಸ ಬಣ್ಣದ ವಾಸನೆ. ಒಬ್ಬ ಬಡಗಿ ಮೂಲೆಯಲ್ಲಿ ಕೂತು ಗಾಜಿನ ಪೆಟ್ಟಿಗೆಗೆ ಸ್ಕ್ರೂ ತಿರುಗಿಸುತ್ತಿದ್ದ. ಕ್ಯಾಪ್ಟನ್ನರ ಎರಡು ಪುಟ ಬಾಗಿಲ ಹಿಂದಿನ ಗೋಡೆಯಲ್ಲಿ, ಇನ್ನೂ ಇಪ್ಪತ್ತು ಮೂವತ್ತು ಮೀಸೆಗಳ ನಡುವೆ ಸೇರಿಹೋಗಿದ್ದವು. ನಡುಮಧ್ಯದ ಗಾಜಿನ ಪೆಟ್ಟಿಗೆ ಮಾತ್ರ ಅವಳ ಹಾಳೆಗಳಿಗೇ ಮೀಸಲು. ಮೇಲಿನಿಂದ ಬೆಳಕು ಬಿಟ್ಟಿದ್ದರು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ‘ಯುದ್ಧಕ್ಕೆ ಹೋದ ತಂದೆಗಾಗಿ ಕಾಯುತ್ತಿದ್ದ ಮಗುವಿನ ಕೈಕೆಲಸ.’ ಅದರಡಿಯಲ್ಲಿ ಮಗನ ಹೆಸರು. ಅವಳ ಸುದ್ದಿಯೇ ಇಲ್ಲ.

ಅವಳು ಅದನ್ನು ಓದಿದಳು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದಳು. ಅರವತ್ತು ವರ್ಷ ನುಂಗಿಕೊಂಡದ್ದೆಲ್ಲ ಒಮ್ಮೆಲೇ ಮೇಲೆ ಬಂತು.

“ಇದು ತಪ್ಪು” ಅಂದಳು.

“ಯಾವ್ದಮ್ಮ?”

“ನೀನು ಅಲ್ಲಿ ಇರ್ಲಿಲ್ಲ. ನಾನು ಹಾಸ್ಟೆಲಲ್ಲಿದ್ದೆ, ನೀನು ನಿಮ್ಮತ್ತೆ ಮನೇಲಿ. ಎರಡು ವರ್ಷ. ಅಡುಗೆಮನೆ ಮೇಜು, ಸಾಯಂಕಾಲ, ಅದ್ಯಾವ್ದೂ ನಡೆದೇ ಇಲ್ಲ. ನಾನು ನಿನ್ನ ಬಿಟ್ಟು ಹೋಗಿದ್ದೆ.”

ಅವನು ಕುಸಿದುಬಿಡುತ್ತಾನೆ ಅಂತ ಅವಳು ಹೆದರಿದ್ದಳು. ಕುಸಿದರೆ ಹಿಡಿದುಕೊಳ್ಳಲು ಕೈಯನ್ನೂ ಮುಂದೆ ಮಾಡಿದ್ದಳು. ಅವನು ಅಲುಗಾಡಲಿಲ್ಲ. ಗಾಜಿನೊಳಗಿನ ಹಾಳೆಯನ್ನೇ ನೋಡುತ್ತಾ, “ಗೊತ್ತು” ಅಂದ.

“ಏನು ಗೊತ್ತು?”

“ಎಲ್ಲಾ ಗೊತ್ತು. ಅತ್ತೆ ದಿನಾ ಹೇಳ್ತಿದ್ರು. ಊಟ ಬೇಡ ಅಂದ್ರೂ ಹೇಳ್ತಿದ್ರು, ಜ್ವರ ಬಂದ್ರೂ ಹೇಳ್ತಿದ್ರು. ನಿಮ್ಮಮ್ಮ ಅಲ್ಲಿ ಬಣ್ಣದ ಕಾಗದ ಕತ್ತರಿಸ್ಕೊಂಡು ಕೂತಿದ್ದಾಳೆ, ನೀನು ಇಲ್ಲಿ ನನ್ನ ಪ್ರಾಣ ತಿಂತಿದೀಯ ಅಂತ. ಮನೆಗೆ ಬಂದ್ಮೇಲೆ ಆ ಕಾಗದ ಎಲ್ಲಿದೆ ಅಂತ ಹುಡುಕಿದೆ. ಬೆಡ್‌ಶೀಟಿನ ಕೆಳಗೆ ಇತ್ತು. ನೀನು ಇಲ್ದಾಗ ತೆಗೆದು ನೋಡ್ತಿದ್ದೆ. ಒಂದೊಂದು ಹಾಳೆಯೂ ನಂಗೆ ಬಾಯಿಪಾಠ.”

“ಮತ್ತೆ ಯಾಕೋ ಆ ಸುಳ್ಳು ಕಥೆ?”

“ನಂಗೂ ಏನಾದ್ರೂ ಬೇಕಲ್ವಾ? ಅಪ್ಪನ ಯುದ್ಧ ಒಂದು ಆಲ್ಬಮ್ಮಲ್ಲಿದೆ. ನಿನ್ನ ಆ ಎರಡು ವರ್ಷ ಇನ್ನೊಂದ್ರಲ್ಲಿದೆ. ಅದೇ ಎರಡು ವರ್ಷ ನಾನೂ ಬದುಕಿದ್ದೆ. ನಂದು ಎಲ್ಲೂ ಇಲ್ಲ.” ಅವನ ದನಿ ಏರಲಿಲ್ಲ. “ನನ್ನ ಬಿಟ್ಟು ಮಾಡಿದ್ದು ಇದು. ಇದ್ರಲ್ಲಿ ನನ್ನ ಪಾಲೂ ಇದೆ ಅಮ್ಮ.”

ಬಡಗಿಯ ಸ್ಕ್ರೂ ಕಿರ್ರನೆ ತಿರುಗುತ್ತಿತ್ತು. ಮ್ಯೂಸಿಯಮ್ಮಿನಾಕೆ ದೂರದಿಂದ ಇವರನ್ನು ಕಂಡು ಈ ಕಡೆಗೇ ಬರುತ್ತಿದ್ದಳು.

“ಬೇಕಾದ್ರೆ ಈಗ್ಲೇ ಬದಲಾಯಿಸ್ತಾರೆ, ಹೇಳು” ಅಂದ ಮಗ. “ನಿನ್ನ ಹೆಸರು ಹಾಕ್ಸೋಣ. ಟ್ರೈನಿಂಗ್ ಮಾಡಿದ್ದು ಹಾಕ್ಸೋಣ. ಜೊತೆಗೆ ಆಗ ಮಗು ಎಲ್ಲಿತ್ತು ಅನ್ನೋದನ್ನೂ ಹಾಕ್ಸೋಣ. ಬರೆಯೋದಾದ್ರೆ ಪೂರ್ತಿ ಬರೀಲಿ.”

ಅವನು ಬೆದರಿಸುತ್ತಿದ್ದಾನೋ ಬೇಡಿಕೊಳ್ಳುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು. ಬೇಡ ಬಿಡು ಅನ್ನಬಹುದಿತ್ತು. ಬೇರೆ ಯಾವ ತಾಯಿಯಾದರೂ ಹಾಗೇ ಅನ್ನುತ್ತಿದ್ದಳು. ಅವನೂ ಅದಕ್ಕೇ ಕಾಯುತ್ತಿದ್ದ. ಅವಳ ಮೊಣಕೈ ಹಿಡಿದಿದ್ದ ಅವನ ಬೆರಳುಗಳು ಬಿಗಿಯಾಗಿದ್ದವು.

“ಎಲ್ಲಾ ಸರಿ ಇದ್ಯಾ ಅಮ್ಮ?” ಅಂತ ಕೇಳಿದಳು ಮ್ಯೂಸಿಯಮ್ಮಿನಾಕೆ.

“ಇಲ್ಲ” ಅಂದಳು ಕ್ಯಾಪ್ಟನಮ್ಮ. “ಬದಲಾಯಿಸ್ಬೇಕು. ಬರ್ಕೊಳ್ಳಿ, ಹೇಳ್ತೀನಿ. ಇದನ್ನ ಮಾಡಿದ್ದು ನಾನು, ನನ್ನ ಇಪ್ಪತ್ಮೂರನೇ ವಯಸ್ಸಲ್ಲಿ. ಶಿಶುವಿಹಾರದ ಟೀಚರ್ ಟ್ರೈನಿಂಗ್, ಮೊದಲ್ನೇ ತಂಡ. ಮಗನ್ನ ನಾದಿನಿ ಮನೇಲಿ ಬಿಟ್ಟು ಹೋಗಿದ್ದೆ. ಅದನ್ನೂ ಬರ್ಕೊಳ್ಳಿ.”

ಆಕೆ ಗಾಬರಿಯಿಂದ ಮಗನ ಕಡೆ ನೋಡಿದಳು. ಈ ಸಲ ಅವನು ಕಲಸುಮೇಲೋಗರ ಅನ್ನಲಿಲ್ಲ. “ಅಮ್ಮ ಹೇಳ್ತಿರೋದು ನಿಜ” ಅಂದ. ಅಂದು, ಅವಳ ಮೊಣಕೈ ಬಿಟ್ಟ.

ಮ್ಯೂಸಿಯಮ್ಮಿನಾಕೆ ಪೆನ್ನು ತೆಗೆದಳು. ಗಾಜಿನ ಮೇಲೆ ಬಗ್ಗಿ ಆ ಹೆಣಿಗೆಯನ್ನು ಹೊಸದಾಗಿ ನೋಡುವವಳ ಹಾಗೆ ನೋಡಿದಳು. ಆಮೇಲೆ ಕೇಳಿದಳು, “ಎಡಗೈಯಲ್ಲಿ ಮಾಡುವಾಗ ಬಲಗೈಯನ್ನ ಎಲ್ಲಿ ಇಟ್ಕೊಳ್ತಿದ್ರಿ?”

ಇದನ್ನು ಅವಳ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. “ಮುಷ್ಟಿ ಕಟ್ಟಿ ಕಾಗದದ ಮೇಲೆ, ಹೀಗೆ” ಅಂತ ಕೈ ತೋರಿಸಿದಳು. “ಬೆರಳು ಬಿಚ್ಚಿದ್ರೆ ದೊಡ್ಡ ಟೀಚರ್ ಬೈತಿದ್ರು.” ಹಿಂದೆ ಮಗನ ಬೂಟಿನ ಸದ್ದು ದೂರವಾಗುತ್ತಿತ್ತು. ಅವನು ಬಾಗಿಲವರೆಗೆ ಹೋದದ್ದು ಕೇಳಿಸಿತು, ಅಲ್ಲಿ ಒಂದು ಕ್ಷಣ ನಿಂತದ್ದೂ ಕೇಳಿಸಿತು. ಅವಳು ತಿರುಗಿ ನೋಡಿದ್ದರೆ ಅವನು ವಾಪಸು ಬರುತ್ತಿದ್ದನೇನೋ. ಮ್ಯೂಸಿಯಮ್ಮಿನಾಕೆ ಬರೆದುಕೊಳ್ಳುತ್ತಿದ್ದಳು, ಮುಂದಿನ ಮಾತಿಗೆ ಕಾಯುತ್ತಿದ್ದಳು. ಬಾಗಿಲು ಮುಚ್ಚಿತು. ಟೀಚರಮ್ಮ ಹೇಳುವುದನ್ನು ನಿಲ್ಲಿಸಲಿಲ್ಲ.